ಹಿಂದಿನಿಂದ ತೋರಿಸಿದ ಪುಟಗಳು

ವೈನಿ, ಆ ಹುಡುಗಿ ಮರಳಿ ಬರಲಿಲ್ಲ. ನಾನು ನಿನಗೆ ಸುಳ್ಳು ಹೇಳಿದೆ.

ನೆನಪಿದೆಯಲ್ಲ — ಆಗ ನೀನಿನ್ನೂ ಅಣ್ಣನ ಹೆಂಡತಿಯಾಗಿ ನನಗೆ ವೈನಿಯಾಗಿರಲಿಲ್ಲ, ನಾಗಣಸೂರಿನ ಸೋದರತ್ತೆಯ ಮಗಳು ಸುವರ್ಣಾ ಅಷ್ಟೇ. ಹೊಲಿಗೆ ಕ್ಲಾಸಿಗೆಂದು ನೀನು ಸೋಲಾಪುರದ ನಮ್ಮ ಮನೆಯಲ್ಲಿದ್ದೆ. ಮಧ್ಯಾಹ್ನ ಊಟವಾದ ಮೇಲೆ ನನ್ನ ಮೊಬೈಲಿನಲ್ಲಿ ಜಪಾನಿನ ಚಿತ್ರಕಥೆ, ಆ ಮಾಂಗಾ, ನೋಡುತ್ತಿದ್ದೆವು. ಮಾತುಗಳೆಲ್ಲ ಇಂಗ್ಲಿಷಿನಲ್ಲಿ, ನೀನು ಕಲಿತದ್ದು ಮರಾಠಿ ಶಾಲೆಯಲ್ಲಿ. ನಾನು ಓದಿ ಕನ್ನಡದಲ್ಲಿ ಹೇಳಬೇಕು, ನೀನು ಚಿತ್ರ ನೋಡಬೇಕು.

ಕಥೆಯ ನಾಯಕ ಮನುಷ್ಯನಲ್ಲ, ಹಳೆಯ ಗುಡಿಯೊಂದರಲ್ಲಿರುವ ದೆವ್ವ. ನೋಡಲು ಚೆಲುವ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಅವನನ್ನು ಪ್ರೀತಿಸಿದ ಹುಡುಗಿಯೋ — ನಡೆದರೆ ಎಡವುತ್ತಾಳೆ, ಎಡವಿದರೆ ಅವನೇ ಬಂದು ಎತ್ತಬೇಕು. ಅವನು ಬೈದರೆ ಅಳುತ್ತಾಳೆ, ಮಾತು ಬಿಟ್ಟರೆ ಕಾಯುತ್ತಾಳೆ. ಇಂಥ ಸಪ್ಪೆ ನಾಯಕಿಯರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿನಗೂ ಉರಿಯುತ್ತಿತ್ತು. "ಇಕಿಗಿ ಬಾಯಿ ಇಲ್ಲೇನ? ಒಂದ್ ಮಾತರ ತಿರುಗಿ ಅನಬಾರ್ದಾ?" ಎನ್ನುತ್ತಿದ್ದೆ.

ಅದೇ ಹೊತ್ತಿಗೆ ನಮ್ಮ ಅಣ್ಣನೊಂದಿಗೆ ನಿನ್ನ ಮದುವೆಯ ಮಾತು ನಡೆದಿತ್ತು. ಸೋದರತ್ತೆಯ ಮಗಳನ್ನು ಹೆಣ್ಣು ನೋಡಲು ಹೋಗುವ ಪದ್ಧತಿ ನಮ್ಮಲ್ಲಿಲ್ಲ, ತೊಟ್ಟಿಲಲ್ಲಿದ್ದಾಗಲೇ ನೋಡಿಯಾಗಿರುತ್ತದೆ. ಒಪ್ಪಿಗೆಯೇ ಎಂದು ನಿನ್ನನ್ನು ಯಾರೂ ಕೇಳಲಿಲ್ಲ. ಅಣ್ಣ ಸಿಟ್ಟಿನಲ್ಲಿ ಊಟದ ತಾಟು ಎಸೆಯುವುದನ್ನು ನೀನು ಕಣ್ಣಾರೆ ಕಂಡಿದ್ದೆ. ನಿಶ್ಚಯದ ಸಾಖರಪುಡಾ ಅಕ್ಕಲಕೋಟೆಯಲ್ಲಿ ಎಂದು ಹಿರಿಯರು ಗೊತ್ತುಮಾಡಿದ ದಿನ ನೀನು ನನ್ನ ಪಕ್ಕ ಬಂದು ಕೂತೆ.

"ಕಡೀಕ ಏನ್ ಮಾಡಿದ್ಳು ಆಕಿ? ಅಂವನ ಕೂಡ ಇದ್ಳೋ, ಬಿಟ್ಟ್ ಹೋದ್ಳೋ?"

ಕೊನೆಯ ಭಾಗವನ್ನು ನಾನು ಅದಾಗಲೇ ಓದಿದ್ದೆ. ಅಲ್ಲಿ ಆ ಹುಡುಗಿ ಕಡೆಗೂ ಬೆಳೆಯುತ್ತಾಳೆ. ಅವನೆದುರು ಕೂತು, ಅಳದೆ, ಹೇಳಬೇಕಾದದ್ದನ್ನೆಲ್ಲ ಹೇಳುತ್ತಾಳೆ. ಚೀಲ ಹಿಡಿದು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ. ಆಮೇಲೆ ಸೇತುವೆಯ ಮೇಲೆ ಒಬ್ಬಳೇ. ನಾನು — ನಾನು ಆ ಪುಟಗಳನ್ನು ಹಿಂದಿನಿಂದ ತೋರಿಸಿದೆ. ಮೊದಲು ಸೇತುವೆ, ಆಮೇಲೆ ಬಾಗಿಲು, ಕೊನೆಗೆ ಅವನೆದುರು ಕೂತದ್ದು.

"ವಾಪಸ್ ಬಂದ್ಳು ನೋಡು. ಅಂವಾ ಸುಧಾರಿಸಿದ," ಎಂದೆ.

ನೀನು ಸ್ವಲ್ಪ ಹೊತ್ತು ಆ ಚಿತ್ರವನ್ನೇ ನೋಡಿದೆ. "ಹಂಗಾರ ಆತು," ಎಂದು ಎದ್ದು ಹೋದೆ.

ಯಾಕೆ ಹಾಗೆ ಮಾಡಿದೆ? ಗೆಳತಿ ನಮ್ಮ ಮನೆಯಲ್ಲೇ ಉಳಿಯಲಿ ಎಂಬ ಆಸೆ... ಅದೊಂದೇ ಆಗಿದ್ದರೆ ಚೆನ್ನಾಗಿತ್ತು. ಅಣ್ಣನ ಸಿಟ್ಟನ್ನು ನುಂಗಿಕೊಳ್ಳಲು ಮನೆಯಲ್ಲಿ ಇನ್ನೊಬ್ಬಳು ಬರಲಿ ಎಂದೂ ಅನ್ನಿಸಿತ್ತು. ಹೇಳಲು ನಾಚಿಕೆಯಾಗುತ್ತದೆ.

ಆಮೇಲೆ ನಾನು ಮದುವೆಯಾಗಿ ಹೋಟಗಿಗೆ ಬಂದೆ, ನೀನು ಅಲ್ಲೇ ಉಳಿದೆ. ಅಣ್ಣ ಬದಲಾಗಲಿಲ್ಲ. ಮೊನ್ನೆ ನಾನು ಬಂದಾಗಲೂ ಯಾವುದೋ ಸಣ್ಣ ಮಾತಿಗೆ ನಿನ್ನೊಂದಿಗೆ ಮಾತು ಬಿಟ್ಟಿದ್ದ. ನೀನು ರೊಟ್ಟಿ ಬಡಿಯುತ್ತ, ನಗುತ್ತಲೇ ಅಂದೆ: "ಸುಧಾರಿಸ್ತಾರ ಬಿಡು. ನೀನ ಓದಿ ಹೇಳಿದ್ದಿಲ್ಲೇನ?"

ನೀನು ಹೊರಡುವುದಾದರೆ ಹೋಟಗಿಯಲ್ಲಿ ನನ್ನ ಮನೆಯಿದೆ. ಇರುವುದಾದರೆ, ಅಣ್ಣನೆದುರು ನಿಂತು ಮಾತಾಡಲು ನಾನು ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಆ ದಿನ ನೀನು ನಿನ್ನ ಬಗ್ಗೆಯೇ ಕೇಳುತ್ತಿದ್ದೀಯ ಎಂದು ನನಗೆ ಆಗಲೇ ಗೊತ್ತಿತ್ತು, ವೈನಿ.