ಪಾದರಕ್ಷೆಯ ಗೃಹಪ್ರವೇಶ

ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಸಲ ಚಪ್ಪಲಿ ಕಳಚುತ್ತಾನೆ ಎಂಬುದು ಯಾರೂ ತಲೆಕೆಡಿಸಿಕೊಳ್ಳುವ ವಿಷಯವಲ್ಲ. ಈ ಮಳೆಗಾಲದ ತನಕ ನಾನೂ ಕೆಡಿಸಿಕೊಂಡವನಲ್ಲ. ಮಂಗಳೂರಿನವರಾದ ನಮಗೆ ಚಪ್ಪಲಿಯ ಪರಮಗುಣ ನಡೆಯಲು ಹಿತವಾಗಿರುವುದಲ್ಲ, ಕಳಚಲು ಸುಲಭವಾಗಿರುವುದು. ಮನೆ, ದೇವಸ್ಥಾನ, ಕ್ಲಿನಿಕ್ಕುಗಳ ಮಾತು ಬಿಡಿ, ಈಚೆಗೆ ನೆಲಕ್ಕೆ ಬಿಳಿ ಟೈಲ್ಸ್ ಹಾಸಿಕೊಂಡ ನಮ್ಮ ಬೀದಿಯ ಮೊಬೈಲ್ ರಿಪೇರಿಯವನು ಕೂಡ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂದು ಬರೆದು ತೂಗುಹಾಕಿ ತನ್ನ ಗೂಡಂಗಡಿಗೆ ಗರ್ಭಗುಡಿಯ ಗಾಂಭೀರ್ಯ ತಂದುಕೊಂಡಿದ್ದಾನೆ. ಇಂಥ ಊರಿನಲ್ಲಿ ಹವಾಯಿ ಚಪ್ಪಲಿಗಿಂತ ಯೋಗ್ಯವಾದ ಪಾದರಕ್ಷೆ ಇನ್ನೊಂದಿಲ್ಲ. ಹಿಮ್ಮಡಿಯನ್ನು ತುಸು ಹಿಂದಕ್ಕೆ ಎಳೆದರೆ ಸಾಕು, ಅದು ತನ್ನಷ್ಟಕ್ಕೆ ಹೊಸ್ತಿಲಾಚೆ ಉಳಿಯುತ್ತದೆ. ನಾವು ಆಡುತ್ತಿದ್ದ ಮಾತನ್ನು ನಿಲ್ಲಿಸದೆಯೇ ಒಳಗೆ ಹೋಗುತ್ತೇವೆ. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತನಾದ ನಾನು ಆಯುಷ್ಯದ ಬಹುಭಾಗವನ್ನು ಇಂಥ ಚಪ್ಪಲಿಯಲ್ಲೇ ಕಳೆದವನು, ಕಾಲಿಗೆ ಲೇಸು ಕಟ್ಟುವ ಸಂದರ್ಭ ನನಗೆ ಒದಗಿದ್ದೇ ಅಪರೂಪ.

ಹಾಗಿದ್ದವನ ಕಾಲಿಗೆ ಕಣಕಾಲು ಮುಚ್ಚುವ, ಲೆಕ್ಕವಿಲ್ಲದಷ್ಟು ತೂತುಗಳ, ಒಂದೊಂದೂ ಎಳೆಮಗುವಿನಷ್ಟು ಭಾರದ ಚಾರಣದ ಶೂಗಳು ಬಂದದ್ದು ನನ್ನ ಹೆಂಡತಿ ವನಜಳ ದೆಸೆಯಿಂದ. ವನಜ ಕಾಟಿಪಳ್ಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದಳು. ದಕ್ಷಿಣ ಅಮೆರಿಕದ ಪಾಠ ಬಂದಾಗಲೆಲ್ಲ ಪೆರು ದೇಶದ ಬೆಟ್ಟದ ತುದಿಯಲ್ಲಿರುವ ಮಾಚು ಪಿಚು ಎಂಬ ಹಾಳುನಗರವನ್ನು ಬೋರ್ಡಿನ ಮೇಲೆ ಬರೆದು, ಅಲ್ಲಿಗೆ ಏರುವ ಪುರಾತನ ಕಲ್ಲುಹಾದಿಯನ್ನು ಚುಕ್ಕಿ ಚುಕ್ಕಿಯಾಗಿ ತೋರಿಸಿ ವರ್ಣಿಸುತ್ತಿದ್ದಳಂತೆ. ಪ್ರತಿವರ್ಷವೂ ಯಾವುದೋ ಒಂದು ಬೆಂಚಿನಿಂದ “ಟೀಚರ್, ನೀವು ನೋಡಿದ್ದೀರಾ?” ಎಂಬ ಪ್ರಶ್ನೆ ಬರುತ್ತಿತ್ತು, ಪ್ರತಿವರ್ಷವೂ ಅವಳು ಇಲ್ಲವೆಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದಳು. ನಿವೃತ್ತಿಯಾದ ಮೇಲೆ ಚಿನ್ನ ಕೇಳಲಿಲ್ಲ, ಕಾಶಿ ಕೇಳಲಿಲ್ಲ. ಹಿರಿಯರನ್ನು ಗೈಡುಗಳ ಮೇಲ್ವಿಚಾರಣೆಯಲ್ಲಿ ಕೆಲವು ದಿನ ಮೆಲ್ಲಗೆ ನಡೆಸಿ, ರಾತ್ರಿ ಡೇರೆಯಲ್ಲಿ ಮಲಗಿಸಿ ಅಲ್ಲಿಗೆ ತಲುಪಿಸುವ ಒಂದು ಸಂಸ್ಥೆಯನ್ನು ತಾನೇ ಹುಡುಕಿ, ಸೆಪ್ಟೆಂಬರಿಗೆ ಇಬ್ಬರ ಹೆಸರನ್ನೂ ಬರೆಸಿ, ಆಮೇಲೆ ನನಗೆ ಹೇಳಿದಳು. ಬೇಕಾದರೆ ಒಬ್ಬಳೇ ಹೋಗಿ ಬಾ ಎಂದು ಔದಾರ್ಯ ತೋರಿಸಲು ಹೋದೆ. “ನೀವಿಲ್ಲದೆ ನಾನು ಹೋಗುವುದಿಲ್ಲ. ಬ್ಯಾಗು ಯಾರು ಹೊರುವುದು?” ಎಂದಳು. ಆ ಎರಡು ವಾಕ್ಯಗಳಲ್ಲಿ ಯಾವುದು ಮುಖ್ಯ, ಯಾವುದು ಅಲಂಕಾರ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನನ್ನ ದೇಹದಲ್ಲಿ ಸಕ್ಕರೆ ಧಾರಾಳವಾಗಿ ಉಂಟು. ಆದ್ದರಿಂದ ಕಂಕನಾಡಿಯ ನಮ್ಮ ಡಾಕ್ಟರರು ಎದೆ, ಮಂಡಿ, ರಕ್ತದೊತ್ತಡಗಳನ್ನೆಲ್ಲ ಪರೀಕ್ಷಿಸಿ ಕೊನೆಗೆ ಕಣ್ಣು ನೆಟ್ಟದ್ದು ನನ್ನ ಪಾದಗಳ ಮೇಲೆ. “ನೋಡಿ, ಹೃದಯ ಸರಿ ಉಂಟು. ಆದರೆ ಶುಗರಿನವರಿಗೆ ಕಾಲಿನಲ್ಲಿ ಒಂದು ಗುಳ್ಳೆ ಎದ್ದರೂ ಸಾಕು, ಆ ಬೆಟ್ಟದಲ್ಲಿ ನಿಮ್ಮನ್ನು ಹೊತ್ತು ತರುವವರು ಯಾರು? ಹೊರಡುವ ಮೊದಲು ಇನ್ನೊಮ್ಮೆ ಬನ್ನಿ. ಚರ್ಮ ಒಡೆದಿದ್ದರೆ ನಾನು ಸೈನ್ ಹಾಕ್ಲಿಕ್ಕಿಲ್ಲ” ಎಂದರು. ಅವರ ಸಹಿಯಿಲ್ಲದೆ ಸಂಸ್ಥೆಯವರು ನನ್ನನ್ನು ಕರೆದೊಯ್ಯುವುದಿಲ್ಲ, ನಾನಿಲ್ಲದೆ ವನಜ ಹೋಗುವುದಿಲ್ಲ. ಹೀಗೆ ಅವಳ ಇಷ್ಟು ಕಾಲದ ಆಸೆ ಬಂದು ಕೂತದ್ದು ಯಾವ ವಿಶೇಷವೂ ಇಲ್ಲದ ನನ್ನ ಹಿಮ್ಮಡಿಯ ಮೇಲೆ.

ಪರಿಹಾರವನ್ನು ಸ್ವತಃ ಆ ಸಂಸ್ಥೆಯ ಗೈಡೇ ಸೂಚಿಸಿದ. ಪೆರುವಿನಿಂದ ಕಂಪ್ಯೂಟರಿನಲ್ಲಿ ಕಾಣಿಸಿಕೊಂಡ ಆ ಹಸನ್ಮುಖಿ, ತನ್ನ ಇಂಗ್ಲಿಷಿನಲ್ಲಿ, ಹೊಸ ಶೂ ತೊಟ್ಟು ಬೆಟ್ಟಕ್ಕೆ ಬರುವಂಥ ಮೂರ್ಖತನ ಇನ್ನೊಂದಿಲ್ಲವೆಂದೂ ಈಗಿನಿಂದಲೇ ಅದನ್ನು ಮನೆಯೊಳಗೆ ಹಾಕಿಕೊಂಡು ತಾಸುಗಟ್ಟಲೆ ತಿರುಗಾಡಿ ಪಳಗಿಸಬೇಕೆಂದೂ ಉಪದೇಶಿಸಿದ. “ಟಿವಿ ನೋಡುವಾಗ ಹಾಕಿರಿ, ಊಟ ಮಾಡುವಾಗ ಹಾಕಿರಿ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಹಾಕಿರಿ” ಎಂದ. ಪಕ್ಕದಲ್ಲಿ ಕೂತಿದ್ದ ವನಜಳ ಮುಖವನ್ನು ಅವನೂ ನೋಡಿರಬೇಕು. ಅಡುಗೆಮನೆ ಎಂಬ ಶಬ್ದ ಬಂದೊಡನೆ ಅದು ಎಷ್ಟು ಬಾಡಿ ಸ್ತಬ್ಧವಾಯಿತೆಂದರೆ, ಅವನು ಸಂಪರ್ಕ ಕಡಿದುಹೋಯಿತೇನೋ ಎಂದು ಎರಡು ಸಲ ಹಲೋ ಹಲೋ ಎಂದ. ಅವಳಿಗೆ ಸ್ವತಃ ಈ ತಾಪತ್ರಯವಿರಲಿಲ್ಲ. ಶಾಲೆಯ ಆಟದ ಬಯಲಿನಲ್ಲಿ ಮಕ್ಕಳ ಹಿಂದೆ ಓಡಾಡಿ ಮೆತ್ತಗಾಗಿದ್ದ ಅವಳ ಹಳೇ ಶೂಗಳನ್ನು ನೋಡಿ ಗೈಡು ಕೈಮುಗಿದುಬಿಟ್ಟಿದ್ದ. ಪಳಗಬೇಕಾದವರು ನಾನು ಮತ್ತು ನನ್ನ ಶೂಗಳು.

ಬಿಜೈಯ ನಮ್ಮ ಫ್ಲ್ಯಾಟಿನ ಹೊಸ್ತಿಲನ್ನು ಯಾವುದೇ ಪಾದರಕ್ಷೆ ಅದುವರೆಗೆ ದಾಟಿರಲಿಲ್ಲ. ಹೊರಗಿನ ಜಗಲಿಯ ಗೂಡಿನಲ್ಲಿ ಅವುಗಳ ವಾಸ. ಗ್ಯಾಸ್ ಸಿಲಿಂಡರ್ ತರುವವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ. ಒಮ್ಮೆ ಏನೋ ವಿಚಾರಣೆಗೆ ಬಂದಿದ್ದ ಪೊಲೀಸರೂ ಬೂಟು ಬಿಚ್ಚುವ ಕಷ್ಟಕ್ಕೆ ಅಂಜಿ ಮೆಟ್ಟಿಲಲ್ಲೇ ನಿಂತು ಮಾತು ಮುಗಿಸಿದ್ದರು. ಆ ರಾತ್ರಿ ನಾನು ವನಜಳ ಮುಂದೆ ಒಂದು ತರ್ಕ ಮಂಡಿಸಿದೆ. ಪಾದರಕ್ಷೆಯ ಅಶುಚಿತ್ವ ಬರುವುದು ಬೀದಿಯ ಸ್ಪರ್ಶದಿಂದ. ಬೀದಿಯನ್ನೇ ಕಾಣದ ಈ ಶೂಗಳು ಹಾಗಾದರೆ ಇನ್ನೂ ಪಾದರಕ್ಷೆಯ ಪದವಿಗೇರಿಲ್ಲ. ಇವು ಕೇವಲ ಬಟ್ಟೆ ಮತ್ತು ರಬ್ಬರು. ನನಗೆ ಅದು ಶಂಕರಭಾಷ್ಯಕ್ಕೆ ಸಮೀಪದ ವಾದವೆನಿಸಿತ್ತು. ನಾವು ಮನೆಯಲ್ಲಿ ಆಡುವುದು ತುಳು. ಅವಳ ಉತ್ತರವನ್ನು ನಿಮಗಾಗಿ ಕನ್ನಡದಲ್ಲೇ ಹೇಳುತ್ತೇನೆ. “ಶೂಸ್ ಹಾಕಿಕೊಂಡು ದೇವರ ದೀಪದ ಎದುರು ಟಕಟಕ ನಡೀಲಿಕ್ಕೆ ಉಂಟಾ? ಬೀದಿಯ ಧೂಳಿನ ಮಾತಲ್ಲ ಮಾರಾಯ್ರೆ. ಚಪ್ಪಲಿ ಚಪ್ಪಲಿಯೇ.” ಇಷ್ಟು ಹೇಳಿ ಕೋಣೆಯ ದೀಪ ಆರಿಸಿದಳು. ನನ್ನ ಭಾಷ್ಯ ಕತ್ತಲಲ್ಲಿ ಉಳಿಯಿತು.

ಮರುದಿನದಿಂದ ನಾನು ಶೂ ಧರಿಸಿ ಇರಬಹುದಾದ ಸ್ಥಳವನ್ನು ಅರಸುತ್ತ ಮಂಗಳೂರಿನಲ್ಲಿ ಅಲೆಯತೊಡಗಿದೆ. ಓದುಗರೇ, ನೀವೂ ಒಮ್ಮೆ ಪ್ರಯತ್ನಿಸಿ ನೋಡಿ. ಹೊರಗೆ ರಸ್ತೆಯ ಮೇಲೆ ನೀರು. ಹೊಸ ಶೂ ನೆನೆಸಿದರೆ ಈ ಊರಿನ ಹವೆಯಲ್ಲಿ ಅದು ಒಣಗುವ ಮೊದಲು ಅದರೊಳಗೆ ಅಣಬೆ ಮೂಡುತ್ತದೆ. ಸೂರಿರುವ ಕಡೆಗೆ ಹೋದರೆ ಅದನ್ನು ಬಿಚ್ಚಬೇಕು. ಕಾಟಿಪಳ್ಳದಲ್ಲಿ ವನಜಳ ಅಣ್ಣ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದಿದ್ದ. ಅಲ್ಲಿಗೂ ಹಾಕಿಕೊಂಡು ಹೋದೆ. ಬಾಗಿಲ ಬಳಿ ಬಗ್ಗಿ ನಾನು ಒಂದೊಂದೇ ಗಂಟು ಬಿಡಿಸುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಹಾಲಿನ ಕ್ಯಾನು ಹಿಡಿದವರು, ಮಗುವನ್ನೆತ್ತಿಕೊಂಡವರು, ಎಲ್ಲಿಂದಲೋ ಬಂದ ಪುರೋಹಿತರು ಸಾಲುಗಟ್ಟಿ ನಿಂತಿದ್ದರು. “ಎಂತ ಭಾವ, ಮಿಲಿಟರಿಗೆ ಸೇರಿದ್ರಾ?” ಎಂದು ವನಜಳ ಅಣ್ಣ ಒಳಗಿನಿಂದಲೇ ಕೇಳಿದ. ಮರಳುವಾಗ ಅದೇ ಗಂಟುಗಳನ್ನು ಕಟ್ಟುತ್ತ ಕೂತ ನನ್ನನ್ನು ಇನ್ನೊಂದು ಪಂಕ್ತಿಯ ಊಟಕ್ಕೆ ಕಾಯುತ್ತಿರುವವನೆಂದು ತಿಳಿದು ಯಾರೋ ಮತ್ತೆ ಎಲೆ ಹಾಕಿಸಿದರು. ನಾನೂ ಕೂತು ಉಂಡೆ.

ಕೊನೆಗೆ ನನಗೆ ಆಶ್ರಯ ಕೊಟ್ಟದ್ದು ಬಿಜೈಯ ಸರಕಾರಿ ಬಸ್ ನಿಲ್ದಾಣ. ಮೇಲೆ ಮಾಡು, ಕೆಳಗೆ ಒಣನೆಲ, ಚಪ್ಪಲಿ ಬಿಡಿ ಎನ್ನುವವರಿಲ್ಲ. ಬೆನ್ನಿಗೆ ಚೀಲ, ಕೈಗೆ ಊರುಗೋಲು, ಕಾಲಿಗೆ ಶೂ ಧರಿಸಿ ನಾನು ನಿತ್ಯ ಸಂಜೆ ಈ ಕೊನೆಯಿಂದ ಆ ಕೊನೆಗೆ ನಡೆಯುತ್ತಿದ್ದರೆ, ಕಂಡಕ್ಟರುಗಳು ಮಡಿಕೇರಿ, ಮೈಸೂರು, ಧರ್ಮಸ್ಥಳ ಎಂದು ನನ್ನನ್ನು ಆಸೆಗಣ್ಣಿನಿಂದ ಕೂಗುತ್ತಿದ್ದರು. ಅವರಲ್ಲೊಬ್ಬ ಹಲವು ದಿನ ಸಹಿಸಿ, ಒಂದು ದಿನ ಅಡ್ಡಬಂದು ನಿಂತು, “ನಿಮಗೆ ನಿಜವಾಗಿ ಎಲ್ಲಿಗೆ ಹೋಗ್ಲಿಕ್ಕೆ ಉಂಟು?” ಎಂದ. ಪೆರುವಿಗೆ ಎಂದೆ. ಅವನು ಬಹಳ ಹೊತ್ತು ಯೋಚಿಸಿ, ಆ ರೂಟು ತನಗೆ ಗೊತ್ತಿಲ್ಲ, ವಿಚಾರಣೆಯ ಕೌಂಟರಿನಲ್ಲಿ ಕೇಳುವುದು ಒಳ್ಳೆಯದು ಎಂದು ವಿನಯದಿಂದ ಹೇಳಿದ.

ಸಿಮೆಂಟಿನ ನೆಲದ ಮೇಲೆ ಅವಸರವಸರವಾಗಿ ನಡೆದದ್ದರ ಫಲವೋ, ಕಾಲುಚೀಲ ತೆಳ್ಳಗಿದ್ದುದರ ಫಲವೋ, ಒಂದು ಸಂಜೆ ಎಡಗಾಲಿನ ಹಿಮ್ಮಡಿ ಕೆಂಪಾಯಿತು. ಮುಚ್ಚಿಡಬಹುದಿತ್ತು, ಆದರೆ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಜೀವಮಾನವಿಡೀ ಹಿಡಿದವಳ ಎದುರು ಕುಂಟದೆ ನಡೆಯಲು ನನಗಾಗಲಿಲ್ಲ. ಅವಳೇ ಕಂಕನಾಡಿಗೆ ಕರೆದೊಯ್ದಳು. ಡಾಕ್ಟರರು ಕನ್ನಡಕ ಮೇಲೇರಿಸಿ ನೋಡಿ, ಚರ್ಮ ಒಡೆದಿಲ್ಲ, ಆದರೆ ಒಡೆಯಲು ಇನ್ನು ಹೆಚ್ಚು ಬೇಡ ಎಂದರು. ಕೆಲವು ದಿನ ವಿಶ್ರಾಂತಿ. ಆಮೇಲೆ ಶೂ ಹಾಕಿ ಮನೆಯಲ್ಲೇ ಮೆಲ್ಲಗೆ, ಆಗಾಗ ಕೂತು ಏಳುತ್ತ ನಡೆಯಬೇಕು. ಅದಾಗದಿದ್ದರೆ ಹೋಗುವ ಯೋಚನೆಯನ್ನೇ ಬಿಡಿ. “ಮನೆಯಲ್ಲೇ” ಎಂಬ ಶಬ್ದವನ್ನು ಅವರು ಯಾವ ದುರುದ್ದೇಶವೂ ಇಲ್ಲದೆ ಹೇಳಿದ್ದರು. ಮನೆಗೆ ಬಂದ ಮೇಲೆ ವನಜ ಫೋನಿನಲ್ಲಿ ಯಾರಿಗೋ, “ಈ ವರ್ಷ ಆಗಲಿಕ್ಕಿಲ್ಲ ಅಂತ ಕಾಣ್ತದೆ” ಎಂದದ್ದು ಕೇಳಿಸಿತು. ಅದನ್ನವಳು ತೀರಾ ಸಹಜವಾಗಿ, ನಾಳೆ ಮೀನು ಸಿಗಲಿಕ್ಕಿಲ್ಲ ಎನ್ನುವ ಧಾಟಿಯಲ್ಲಿ ಹೇಳಿದಳು. ತರಗತಿಯ ಆ ಪ್ರಶ್ನೆಗೂ ವರ್ಷ ವರ್ಷ ಹೀಗೇ ಉತ್ತರಿಸಿರಬೇಕು ಎಂದು ಹೊಳೆದು ನನಗೆ ಬಹಳ ದುಃಖವಾಯಿತು.

ವಿಶ್ರಾಂತಿಯ ದಿನಗಳು ಮುಗಿದ ಬೆಳಿಗ್ಗೆ ನಾನು ಸ್ನಾನ ಮಾಡಿ ಬಂದಾಗ ಶೂಗಳು ಜಗಲಿಯ ಗೂಡಿನಲ್ಲಿ ಇರಲಿಲ್ಲ. ಮೆಟ್ಟಿಲ ಬಳಿ ವನಜ ಬಕೆಟ್ ಇಟ್ಟುಕೊಂಡು ತೆಂಗಿನ ನಾರು ಹಿಡಿದು ಅವುಗಳ ಅಡಿಯನ್ನು ತಿಕ್ಕುತ್ತಿದ್ದಳು. ತಿಕ್ಕಿ, ತೊಳೆದು, ಒರೆಸಿ, ಬಾಗಿಲ ಹೊರಗೆ ಬಾಳೆಯೆಲೆಯ ಮೇಲೆ ಜೋಡಿಸಿಟ್ಟಳು. ಆಮೇಲೆ ಅವಕ್ಕೆ ಕುಂಕುಮ ಹಚ್ಚಿ, ಲೇಸಿನ ನಡುವೆ ಒಂದೊಂದು ಅಬ್ಬಲಿಗೆ ಹೂ ಸಿಕ್ಕಿಸಿ, ಊದುಬತ್ತಿ ಬೆಳಗಿದಳು. ನಾನು ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದೆ.

“ಎಂತ ನೋಡ್ತೀರಿ? ಆಯುಧಪೂಜೆಗೆ ನಿಮ್ಮ ಸ್ಕೂಟರಿಗೆ ಮಾಡುವುದಿಲ್ಲವಾ? ಇದು ಚಪ್ಪಲಿ ಅಲ್ಲ, ವಾಹನ. ಬೆಟ್ಟ ಹತ್ತುವ ವಾಹನ.”

ವಾಹನವೆಂದ ಮೇಲೆ ವಾಹನದ ಸಕಲ ಮರ್ಯಾದೆಗಳೂ ಸಲ್ಲಬೇಕಷ್ಟೆ. ನನಗೆ ಶೂ ತೊಡಿಸಿ, ಎರಡೂ ಕಾಲಿನ ಮುಂದೆ ಒಂದೊಂದು ಲಿಂಬೆಹಣ್ಣು ಇಟ್ಟಳು. ನಾನು ತುಳಿದೆ. ರಸ ಚಿಮ್ಮಿತು. ಶಾಸ್ತ್ರ ಬೇರೆ, ಶುಚಿತ್ವ ಬೇರೆ. ಆದ್ದರಿಂದ ಕಾಲೆತ್ತಿಸಿ ಅಡಿಯನ್ನು ಮತ್ತೊಮ್ಮೆ ಒದ್ದೆಬಟ್ಟೆಯಿಂದ ಒರೆಸಿದಳು. ಬಳಿಕ ಒಳಗೆ ಹೋಗಿ ದೇವರ ದೀಪದ ಎದುರು ಒಂದು ಕ್ಷಣ ಕಣ್ಮುಚ್ಚಿ ನಿಂತು, ಹಿಂದಿರುಗಿ, “ಆವು, ಉಲಾಯಿ ಬಲೆ” ಎಂದಳು. ಆಗಲಿ, ಒಳಗೆ ಬನ್ನಿ ಎಂದರ್ಥ.

ಆದರೆ ಒಳಗೆ ಹೋಗಲು ನನಗಾಗಲಿಲ್ಲ. ಈ ನಿಯಮದ ವಿರುದ್ಧ ಭಾಷ್ಯ ಬರೆದವನು ನಾನೇ. ಈಗ ಅನುಮತಿ ಸಿಕ್ಕಿದಾಗ ಕಾಲು ಹೊಸ್ತಿಲ ಮುಂದೆ ನಿಂತು, ತಾನಾಗಿಯೇ ಹಿಮ್ಮಡಿಯನ್ನು ಹಿಂದಕ್ಕೆ ಎಳೆದು ಶೂ ಕಳಚಲು ನೋಡಿತು. ಬಿಗಿದು ಕಟ್ಟಿದ ಶೂ ಜಗ್ಗಲಿಲ್ಲ. ಮೂರು ಸಲ ಎಳೆದೆ. ವನಜ ಕೈಚಾಚಿ ನನ್ನ ಮೊಣಕೈ ಹಿಡಿದು, ರಸ್ತೆ ದಾಟಿಸುವವಳಂತೆ ಒಳಗೆ ತಂದಳು. ನೆಲದ ಮೇಲೆ ಟಕ್ ಎಂದಿತು. ಅವಳು ಕುರ್ಚಿಯಲ್ಲಿ ಕೂತಳು. ಪ್ರತಿಯೊಂದು ಟಕ್ಕಿಗೂ ಅವಳ ಭುಜ ಒಂದಿಷ್ಟು ಕುಗ್ಗುತ್ತಿತ್ತು, ಆದರೂ ಬಾಯಲ್ಲಿ “ನಡೀರಿ, ನಡೀರಿ” ಎನ್ನುತ್ತಿದ್ದಳು. ಇಷ್ಟು ವರ್ಷ ಜೊತೆಗಿದ್ದರೂ ಒಂದು ಆಸೆಯ ಬೆಲೆಯನ್ನು ನಾನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಪ್ರೀತಿಯೂ ನಾಚಿಕೆಯೂ ಒಟ್ಟಿಗೆ ಬಂದವು. ಎರಡನ್ನೂ ಅಡಗಿಸಲು ಸ್ವಲ್ಪ ಜೋರಾಗಿ ನಡೆದೆ. ಮೆಲ್ಲಗೆ ಎಂದು ಗದರಿಸಿದಳು.

ಹಾಗೆ ದಿನವೂ ನಡೆದು ಶೂಗಳು ಪಳಗಿದವು. ಡಾಕ್ಟರರು ಹಿಮ್ಮಡಿಯನ್ನು ಒತ್ತಿ ನೋಡಿ ಸಹಿ ಹಾಕಿದರು. ಅಂದು ಸಂಜೆ ಮನೆಗೆ ಬಂದು, ಇನ್ನು ನಡೆಯದಿದ್ದರೂ ಆದೀತು ಎಂದು ನಾನು ಕೂರಲು ಹೊರಟರೆ ವನಜ ಒಪ್ಪಲಿಲ್ಲ. ಮಾತ್ರವಲ್ಲ, ತಾನು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಎಷ್ಟೋ ವರ್ಷ ಬೋರ್ಡಿನ ಮೇಲೆ ಚುಕ್ಕಿಯಿಟ್ಟು ತೋರಿಸಿದ ಆ ಹಾದಿಯನ್ನು ನಮ್ಮ ನಡುಕೋಣೆಯ ಉದ್ದಗಲಕ್ಕೆ ಹರಡಿಬಿಟ್ಟಳು. ಸೋಫಾದಿಂದ ಏರು ಶುರು. ಊಟದ ಮೇಜಿನ ಹತ್ತಿರ ಎಲ್ಲಕ್ಕಿಂತ ಎತ್ತರದ ಘಾಟಿ, ಸತ್ತ ಹೆಂಗಸು ಎಂದು ಅದರ ಹೆಸರು. ಉಸಿರು ಎಳೆದುಕೊಳ್ಳಬೇಕು, ಹೆಸರಿನ ಬಗ್ಗೆ ತಮಾಷೆ ಮಾಡಬಾರದು. ಫ್ರಿಜ್ಜಿನ ಪಕ್ಕ ಕಡಿದಾದ ಇಳಿಜಾರು, ಮಂಡಿಗೆ ಜಾಗ್ರತೆ. ಅಡುಗೆಮನೆಯ ಬಾಗಿಲೇ ಸೂರ್ಯದ್ವಾರ. ಅಲ್ಲಿ ನಿಂತರೆ ಕೆಳಗೆ ಮಂಜಿನ ನಡುವೆ ಇಡೀ ನಗರ ಕಾಣುತ್ತದೆ. ಮುಚ್ಚಿದ ಕಣ್ಣುಗಳಲ್ಲೇ ಅವಳು ಅದನ್ನು ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ.

ನನ್ನ ಟಕಟಕ ದೇವರ ದೀಪದ ಬಳಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದಳು.

“ಇದು ಸೂರ್ಯನ ದೇವಸ್ಥಾನ. ಶೂಸ್ ಬಿಚ್ಚಿ.”

ಅದು ಹಾಳುಬಿದ್ದ ದೇವಸ್ಥಾನ, ಅಲ್ಲಿ ಯಾರೂ ಬಿಚ್ಚುವುದಿಲ್ಲ, ಗೈಡು ನಗುತ್ತಾನೆ ಎಂದೆ.

“ದೇವರು ಹೋದ್ರೆ ಎಂತ, ಜಾಗ ಉಂಟಲ್ಲ? ಗೈಡಿಗೆ ನಾನು ಹೇಳ್ತೇನೆ” ಎಂದಳು, ಕಣ್ಣು ತೆರೆಯದೆ.

ನಾನು ಅಲ್ಲೇ ನೆಲದ ಮೇಲೆ ಕೂತು ಒಂದೊಂದಾಗಿ ಗಂಟು ಬಿಡಿಸತೊಡಗಿದೆ.