ಹಸಿರು ಚುಕ್ಕೆಯ ಪಂಪು

ಏಲೂರಿನ ಕಾರ್ಖಾನೆಯ ಪಂಪುಗಳ ಸ್ಥಿತಿಯನ್ನು ಸೀರಿಯಲ್ ಲೈನೆಂಬ ಮಾಹಿತಿ ಸಾಗಿಸುವ ತಂತಿಯಿಂದ ಓದಿ ತಿರುವನಂತಪುರದ ಪರದೆಗೆ ತರುವ ವ್ಯವಸ್ಥೆ ನನ್ನ ಕೃತಿ. ಅದಕ್ಕೆ ಒಪ್ಪಿಗೆ ಕೊಡಬೇಕಿದ್ದ ಮಲಯಾಳಿ ಅಧಿಕಾರಿಗಳೆದುರು ಗಂಟಲು ಸರಿಪಡಿಸಿಕೊಂಡು, ಪರದೆಯ ಮೇಲಿನ ಹಸಿರು ಚುಕ್ಕೆ ತೋರಿಸಿ, ಮೂರನೇ ಪಂಪು ಈ ಕ್ಷಣ ಓಡುತ್ತಿದೆಯೆಂದು ಘೋಷಿಸಿದೆ. ಸಾಕ್ಷಿಗೆಂದು ಏಲೂರಿನಲ್ಲಿದ್ದ ಮಂಗಳೂರು ಕಡೆಯ ಸಹೋದ್ಯೋಗಿಗೆ ಸ್ಪೀಕರ್ ಹಾಕಿಯೇ ಫೋನು ಮಾಡಿ, ಅಭ್ಯಾಸಬಲದಿಂದ ಕನ್ನಡದಲ್ಲಿ ಕೇಳಿದೆ.

“ಎಂತ ಓಡುವುದು ಸಾರ್? ಅದನ್ನು ನಿನ್ನೆಯೇ ಬಿಚ್ಚಿ ರಿಪೇರಿಗೆ ಕಳಿಸಿದ್ದಲ್ವಾ ಮಾರಾಯ್ರೆ!”

ಕನ್ನಡ ಬಾರದವರಿಗೂ ‘ರಿಪೇರಿ’ ಅರ್ಥವಾಯಿತು.

‘ಓಡು’ ಎಂದು ನಾವೇ ಕೊಟ್ಟ ಆಜ್ಞೆಯನ್ನು ಪಂಪುಗಳನ್ನು ನಡೆಸುವ ಕಂಟ್ರೋಲರು ವಿಧೇಯವಾಗಿ ಮರಳಿ ಒಪ್ಪಿಸುತ್ತಿತ್ತು; ಹಸಿರು ಚುಕ್ಕೆ ಅದರದ್ದೇ. ಪಂಪು ನಿಜಕ್ಕೂ ತಿರುಗುತ್ತಿದೆಯೇ ಎಂದು ಹೇಳುವ ತಂತಿಯನ್ನು ನಾನು ಎಳೆಸಿರಲೇ ಇಲ್ಲ. ಒಪ್ಪಿಗೆ ಸಿಗಲಿಲ್ಲ. ಯಾರೂ ನಗಲಿಲ್ಲ; ನನಗೊಂದು ಚಹಾ ತರಿಸಿದರು. ನಕ್ಕಿದ್ದರೆ ವಾಸಿಯಿತ್ತು. ತಲೆ ಎತ್ತದೆ, ನಾಲಿಗೆ ಸುಟ್ಟುಕೊಂಡೇ ಕುಡಿದು ಮುಗಿಸಿದೆ.