ಗುಳಿಗೆಯ ಹಸಿವು

ಮೊನ್ನೆ ಅತ್ತೆಯ ದಮ್ಮು ಜಾಸ್ತಿಯಾಗಿ, ಉಮರ್ಗಾದ ಡಾಕ್ಟರು ಒಂದು ವಾರಕ್ಕೆ ಗುಳಿಗೆ ಬರೆದುಕೊಟ್ಟರು. ಪೊಟ್ಟಣ ಬಿಚ್ಚಿ ಒಂದನ್ನು ಅಂಗೈಗೆ ಹಾಕಿಕೊಂಡೆ. ಚಿಕ್ಕದು, ಬಿಳಿಯದು. ನೋಡಿದ್ದೇ ನನ್ನ ನಾಲಿಗೆಗೆ ಕಹಿ ಏರಿತು, ಹೆಸರು ಓದಬೇಕಾಗಲಿಲ್ಲ. ನೀವು ಎಂದಾದರೂ ಗುಳಿಗೆಯೊಂದನ್ನು ಆಸೆಯಿಂದ ನುಂಗಿದ್ದರೆ ನಾನು ಹೇಳುವುದು ನಿಮಗೆ ತಿಳಿದೀತು.

ಏಳೆಂಟು ವರ್ಷದ ಹಿಂದಿನ ಮಾತು. ಬಸವಕಲ್ಯಾಣದಿಂದ ಈ ಕಾಳಿನ ಅಂಗಡಿಯ ಮನೆಗೆ ಸೊಸೆಯಾಗಿ ಬಂದು ಬಹಳ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ಊರಲ್ಲಿ ಯಾರಿಗೂ ಗೊತ್ತಾಗಬಾರದೆಂದು ನಾನೂ ಗಂಡನೂ ಉದಗೀರಿನ ಡಾಕ್ಟರ ಹತ್ತಿರ ಹೋಗುತ್ತಿದ್ದೆವು. ನಮ್ಮ ಗುಟ್ಟಿನ ಚಂದ ನೋಡಿ: ನಿಲಂಗಾದಲ್ಲಿ ಬಸ್ಸು ನಿಂತರೆ ಪರಿಚಯದ ಒಬ್ಬ ಅಡತಿ ದಲಾಲಿ, ವಲಾಂಡಿಯಲ್ಲಿ ಇನ್ನೊಬ್ಬ. ತೊಗರಿಯ ಭಾವ ಕೇಳಲು ಹೊರಟಿದ್ದೇನೆ ಎಂದು ಗಂಡ ಎಲ್ಲರಿಗೂ ಹೇಳುತ್ತಿದ್ದರು. ಹೆಂಡತಿಗೆ ಇಸ್ತ್ರಿ ಸೀರೆ ಉಡಿಸಿಕೊಂಡು ತೊಗರಿಯ ಭಾವ ಕೇಳಹೋಗುವ ವ್ಯಾಪಾರಿಯನ್ನು ಯಾರು ನಂಬಿಯಾರು?

ಡಾಕ್ಟರು ಹೊರಗೆ ಬೆಳೆಸಿ ಗರ್ಭದಲ್ಲಿಟ್ಟ ಭ್ರೂಣ ಎರಡು ಸಲ ನಿಲ್ಲಲಿಲ್ಲ. ಮೂರನೆಯದೇ ಕೊನೆ, ಆಮೇಲೆ ದೇಹಕ್ಕೂ ಮನಸ್ಸಿಗೂ ಆಗುವುದಿಲ್ಲವೆಂದು ನಾವಿಬ್ಬರೂ ಒಪ್ಪಿಕೊಂಡಿದ್ದೆವು. ಆ ಸಲ ಡಾಕ್ಟರು ಸ್ಟೆರಾಯ್ಡ್ ಗುಳಿಗೆ ಸೇರಿಸಿದರು. “ಶರೀರ ಅದನ್ನ ಹೊರಗಿಂದು ಅಂತ ದೂಡಬಾರದಲ್ಲಾ, ಅದಕ್ಕ. ಎರಡ ವಾರ ಅಷ್ಟ. ಉಪಯೋಗ ಆಗೇ ಆಗ್ತದ ಅಂತ ನಾ ಹೇಳಂಗಿಲ್ಲ. ಖಾಲಿ ಹೊಟ್ಟೀಲೆ ಮಾತ್ರ ತಗೋಬ್ಯಾಡ್ರಿ.”

ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಯಾರ ಬಾಯಿಗೂ ತುತ್ತು ಬೀಳುವಂತಿಲ್ಲ. ಆ ದಿನಗಳಲ್ಲಿ ನಾನು ಮಾಡಿದಷ್ಟು ಅವಸರದ ಪೂಜೆಯನ್ನು ಶಿವನು ಎಲ್ಲಿಯೂ ಕಂಡಿರಲಾರ. ಹಣೆಯ ವಿಭೂತಿ ಒಣಗುವ ಮೊದಲೇ ರೊಟ್ಟಿ ಮುರಿಯುತ್ತಿದ್ದೆ. ಗುಳಿಗೆ ಅಂಥ ಹಸಿವು ತಂದಿತ್ತು. ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ಶೇಂಗಾ ಹಿಂಡಿಯ ಡಬ್ಬಿಯ ಮುಂದೆ ಬೆರಳು ನೆಕ್ಕುತ್ತ ನಿಂತು ಎಷ್ಟೋ ಸಲ ಸಿಕ್ಕಿಬಿದ್ದೆ. ನಿದ್ದೆ ಹಾರಿತು, ಮುಖ ಕೆಂಪಗೆ ಉಬ್ಬಿತು.

ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಒಂದೇ ರೊಟ್ಟಿಗೆ ಊಟ ಮುಗಿಸುವ, ಅಷ್ಟೇ ಅಳತೆಯಲ್ಲಿ ಮಾತಾಡುವ ಹೆಂಗಸು. ಒಂದು ದಿನ ನನ್ನ ತಾಟಿಗೆ ತಾವೇ ತುಪ್ಪ ಹಾಕಿ, “ಎಷ್ಟ ತಿಂಗಳಾತು?” ಎಂದರು.

“ಇದು ಗುಳಿಗಿ ಹಸಿವು ರೀ ಅತ್ತಿ. ಉದಗೀರಕ್ಕ ಹೋಗಿ ರಕ್ತಾ ತೋರಿಸೋ ತನಕಾ ಏನೂ ಗೊತ್ತಾಗಂಗಿಲ್ಲ.”

“ಗುಳಿಗಿ ಹಸಿವು ಕೊಲ್ತಾವ, ತರಂಗಿಲ್ಲ. ನಾ ನಾಕ ಹಡದಾಕಿ. ನನಗ ಕಲಿಸಬ್ಯಾಡ.”

ನಮ್ಮಲ್ಲಿ ಕಳ್ಳಗುಬಸ ಎಂದಿದೆ. ಬಸಿರಿಗೆ ಮೂರು ತಿಂಗಳಾದಾಗ ದೃಷ್ಟಿ ತಾಗದಂತೆ ಮನೆಯೊಳಗೇ ಹಸಿರು ಬಳೆ ತೊಡಿಸಿ, ರವಿಕೆ ಖಣ ಕೊಟ್ಟು ಉಡಿ ತುಂಬುವುದು. ಮೊದಲ ತಿಂಗಳುಗಳಲ್ಲಿ ಯಾವ ಸೊಸೆಯೂ ನಿಜ ಒಪ್ಪಿಕೊಳ್ಳುವುದಿಲ್ಲ. ನಾನೂ ಮುಚ್ಚಿಡುತ್ತಿದ್ದೇನೆಂದು ತಿಳಿದ ಅತ್ತೆ ಮೂರು ತಿಂಗಳಾಗಿದೆಯೆಂದು ಲೆಕ್ಕವನ್ನು ತಾವೇ ಕಟ್ಟಿದರು. ಗಂಡ ಬೇಡವೆಂದರೆ ಅವರನ್ನು ಅಂಗಡಿಗೆ ಅಟ್ಟಿ, ಮುರುಮ ಊರಿನಿಂದ ತಮ್ಮ ತಂಗಿಯನ್ನು ಕರೆಸಿ, ಓಣಿಯ ಮುತ್ತೈದೆಯರನ್ನು ಕೂಡಿಸಿ ನನ್ನ ಉಡಿ ತುಂಬಿಸಿಯೇಬಿಟ್ಟರು. ಪಕ್ಕದ ಮನೆಯ ಮರಾಠಿ ಹೆಂಗಸು “ಮುಲಗಾಚ ಹೋಣಾರ,” ಗಂಡೇ ಆಗುವುದು ಎಂದರು. ಉಡಿಯಲ್ಲಿ ತೆಂಗಿನಕಾಯಿಯ ಭಾರ ಹೊತ್ತು ಕೂತಾಗ ನನಗೂ ನಂಬಬೇಕೆನ್ನಿಸಿತು. ಅಷ್ಟು ಸುಖ ಈ ಮನೆಯಲ್ಲಿ ನನಗೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಉದಗೀರಿನಲ್ಲಿ ರಕ್ತ ನೋಡಿದರು. ಏನೂ ಇರಲಿಲ್ಲ. ಗುಳಿಗೆ ನಿಂತಿತು, ಅದರ ಹಿಂದೆ ಹಸಿವೂ ಹೋಯಿತು. ಗಾಜಿನ ಬಳೆ ಒಡೆಯಬಾರದೆಂದು ಸಾಬೂನು ಹಚ್ಚಿಕೊಂಡು ಒಂದೊಂದಾಗಿ ಎಳೆದು ತೆಗೆದೆ. ಮುಂಗೈ ತರಚಿ ರಕ್ತ ಬಂತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

“ಹೊಟ್ಟ್ಯಾಗ ಏನೂ ಇಲ್ದ ಉಡಿ ತುಂಬಿಸ್ಕೊಂಡ್ಯಲ್ಲಾ. ಹಸಿವಿನ ಸೋಗ ಹಾಕಿ ಮಂದ್ಯಾಗ ನನ್ನ ಮಾರಿ ಕೆಡಸಿದಿ.”

ಅಂದಿನಿಂದ ಬಂದ ನೆಂಟರಿಗೆಲ್ಲ ನಾನು ಸೋಗಿನ ಸೊಸೆ. ಮಗು ಇಲ್ಲದ್ದಕ್ಕೆ ಅತ್ತಿದ್ದೇನೆ. ಆ ಮಾತಿಗೆ ಮಾತ್ರ ಅಳು ಬರಲಿಲ್ಲ, ಸಿಟ್ಟೇ ಬಂತು, ಇಳಿಯಲೂ ಇಲ್ಲ.

ನಿನ್ನೆ ಮಧ್ಯಾಹ್ನ ಅತ್ತೆ ಒಂದು ರೊಟ್ಟಿ ಉಂಡರು. ಇನ್ನೊಂದು ಕೇಳಿದರು. ಅದೂ ಮುಗಿದ ಮೇಲೆ ಒಲೆಯ ಕಡೆ ನೋಡಿ, ಕೇಳಲು ನಾಚಿ, “ಏನ ಹಸಿವು ಬಂದದ ಇದು, ಹೊಟ್ಟ್ಯಾಗ ಬೆಂಕಿ ಬಿದ್ದಂಗ…” ಎಂದರು. ಗೋಡೆಯ ಗೂಡಿನಲ್ಲಿದ್ದ ಗುಳಿಗೆಗಳನ್ನು ನೋಡಿದರು. ಆಮೇಲೆ ನನ್ನನ್ನು.

“ಆಗ ನಿನಗ ಕೊಟ್ಟಿದ್ದು ಇದೇ ಏನ?”

“ಹೌದ್ರಿ.”

ಅವರು ಮುಖ ತಗ್ಗಿಸಿದರು. ಮೂರನೆಯ ರೊಟ್ಟಿ ಬಡಿದು, ಬಿಸಿಯಾಗಿಯೇ ಅವರ ತಾಟಿಗೆ ಹಾಕಿದೆ. ಅವರು ಅದನ್ನು ಮುಟ್ಟಲಿಲ್ಲ. ಹಸಿವು ಮಾತ್ರ ಅವರನ್ನು ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಳುತ್ತಲೇ ಮುರಿದು ಉಂಡರು.